ಮಂಗಳವಾರದ ಬಸ್ಸು

(ಪದವಿ ಕಾಲೇಜೊಂದರ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಮತ್ತೆ ಮತ್ತೆ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ನಮ್ಮೂರಿನಿಂದ ತಾಲ್ಲೂಕು ಕೇಂದ್ರಕ್ಕೆ ಬೆಳಿಗ್ಗೆ ಎಂಟೂಕಾಲಿಗೆ ಒಂದು ಬಸ್ಸಿದೆ. 2017ರಲ್ಲಿ, ಆಮೇಲೆ 2018ರಲ್ಲಿ, ಎಷ್ಟೋ ಮಂಗಳವಾರ ನಾನೂ ನಮ್ಮವ್ವನೂ ಆ ಬಸ್ಸು ಹತ್ತಿದ್ದೇವೆ. ಅರಳಿಕಟ್ಟೆ ಮೇಲೆ ಕೂತವರು ಯಾರಾದರೂ "ಎಲ್ಲಿಗವ್ವಾ ತಾಯಿ ಮಗಳು?" ಎಂದರೆ ಅವ್ವ "ಗುಡಿಗೆ" ಅನ್ನುತ್ತಿದ್ದಳು. ಮಂಗಳವಾರ ಅಮ್ಮನ ವಾರ, ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಚೀಲದಲ್ಲಿ ಹೂವು, ಊದಿನಕಡ್ಡಿ, ಒಂದು ಕಾಯಿ. ಕಾಯಿಯ ಕೆಳಗೆ, ಚೀಲದ ತಳದಲ್ಲಿ, ನಾಲ್ಕಾಗಿ ಮಡಿಸಿದ ನನ್ನ ಆಸ್ಪತ್ರೆ ಚೀಟಿ. ವಾಪಸ್ ಬರುವಾಗ ನಿಜವಾಗಿಯೂ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡೇ ಬರುತ್ತಿದ್ದೆವು. ಸುಳ್ಳು ಹೇಳಿದ ಪಾಪ ಅವ್ವನಿಗೆ ಬೇಡವಾಗಿತ್ತು.

ಮಂಗಳವಾರವೇ ಯಾಕೆ ಅಂದರೆ, ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ಒಂದು ಸರ್ಕಾರಿ ಕಾರ್ಯಕ್ರಮವಿದೆ. ಅದರಲ್ಲಿ ಮಂಗಳವಾರದ ದಿನ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ಕೂರುತ್ತಾರೆ. ನಿಮ್ಮಲ್ಲಿ ಹಲವರು ಆ ಆಸ್ಪತ್ರೆ ಮುಂದೆಯೇ ದಿನಾ ಓಡಾಡಿರುತ್ತೀರಿ. ಅಲ್ಲಿ ಇಂಥದ್ದೊಂದು ದಿನ ಇದೆ ಅಂತ ನನಗೆ ಇಪ್ಪತ್ತೊಂದು ವರ್ಷ ಆಗುವವರೆಗೆ ಗೊತ್ತಿರಲಿಲ್ಲ.

"ನೀವು ಗುಣವಾದ ಕಥೆ ಹೇಳಿ" ಅಂತ ನನ್ನನ್ನು ಕರೆದಿದ್ದಾರೆ. ಇಂಥ ಕಥೆಗಳನ್ನು ನೀವು ಫೋನಿನಲ್ಲಿ ಬೇಕಾದಷ್ಟು ನೋಡಿದ್ದೀರಿ. ಒಬ್ಬರು ಕುಸಿದು ಬೀಳುತ್ತಾರೆ, ಹಿನ್ನೆಲೆಯಲ್ಲಿ ಸಂಗೀತ ಬರುತ್ತದೆ, ಆಮೇಲೆ ಬೆಟ್ಟದ ತುದಿಯಲ್ಲಿ ನಗುತ್ತಾ ನಿಂತಿರುತ್ತಾರೆ. ಬಿದ್ದದ್ದು ನಿಜ, ಎದ್ದದ್ದೂ ನಿಜ. ಆದರೆ ನಾನು ಬಿದ್ದಿದ್ದಾಗ ನನಗೆ ಬೇಕಾಗಿದ್ದ ಭಾಗ ಆ ಎರಡರ ನಡುವೆ ಇತ್ತು, ಅದನ್ನು ಯಾರೂ ಹೇಳಿರಲಿಲ್ಲ. ಮಾತ್ರೆ ತಗೊಂಡ ಮೂರನೇ ದಿನ ಹೊಟ್ಟೆ ಯಾಕೆ ತೊಳಸುತ್ತೆ? ಡಾಕ್ಟರ ಮುಂದೆ ಕೂತು ಮೊದಲ ಮಾತು ಏನಂತ ಹೇಳಬೇಕು? ಊರಿನವರು ಕೇಳಿದರೆ? ಮತ್ತೆ ಬಂದರೆ? ಇವತ್ತು ಆ ನಡುವಿನ ಭಾಗವನ್ನೇ ಹೇಳುತ್ತೇನೆ. ಅದರಲ್ಲಿ ರೋಚಕವಾದದ್ದು ಏನೂ ಇಲ್ಲ, ಸ್ವಲ್ಪ ತಾಳ್ಮೆಯಿಂದ ಕೇಳಿ.

ಬಿದ್ದದ್ದನ್ನು ಬೇಗ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ನಾಲ್ಕನೇ ಸೆಮಿಸ್ಟರ್. ಪಿಜಿಯಲ್ಲಿ ಮೂರು ಜನರ ರೂಮು. ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತಿತ್ತು, ಆಮೇಲೆ ನಿದ್ದೆ ಇಲ್ಲ. ಹನ್ನೆರಡು ದಿನ ತಲೆಗೆ ನೀರು ಹಾಕಿಕೊಂಡಿರಲಿಲ್ಲ. ಎರಡು ವಿಷಯ ಹೋಯಿತು. ಸಾಯಬೇಕು ಅಂತಲೂ ಅಲ್ಲ, ನಾಳೆ ಬೆಳಗಾಗದಿದ್ದರೆ ಸಾಕು ಅನ್ನಿಸುತ್ತಿತ್ತು. ಅಪ್ಪ ಬಂದು ಊರಿಗೆ ಕರೆದುಕೊಂಡು ಹೋದರು. ದೃಷ್ಟಿ ತೆಗೆದರು, ತಾಯಿತ ಕಟ್ಟಿಸಿದರು. ಅಪ್ಪ ಪಟ್ಟಣದ ಡಾಕ್ಟರ ಹತ್ತಿರ ರಕ್ತಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ ಸರಿ, ಥೈರಾಯ್ಡ್ ಸರಿ. "ಎಲ್ಲ ನಾರ್ಮಲ್" ಅಂತ ರಿಪೋರ್ಟ್ ಬಂದ ದಿನ ಮನೆಯಲ್ಲಿ ಎಲ್ಲರಿಗೂ ಸಮಾಧಾನ, ನನಗೆ ಮಾತ್ರ ಜೀವ ಇನ್ನಷ್ಟು ಕುಗ್ಗಿತು. ಕಾಗದದ ಮೇಲೆ ಕಾಣಿಸದ ನೋವನ್ನು ಯಾರ ಮುಂದೆ ಇಡಲಿ?

ದೀಪಿಕಾ ಪಡುಕೋಣೆಯವರು 2015ರಲ್ಲಿ ತಮಗೆ ಖಿನ್ನತೆ ಇತ್ತು ಅಂತ ಬಹಿರಂಗವಾಗಿ ಹೇಳಿದ್ದು ನನಗೆ ಗೊತ್ತಿತ್ತು. ಅವರು ಅದೇ ವರ್ಷ ಕಟ್ಟಿದ ಲಿವ್ ಲವ್ ಲಾಫ್ ಸಂಸ್ಥೆ ನಮ್ಮ ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲೇ ಕೆಲಸ ಶುರು ಮಾಡಿತು ಅನ್ನುವುದು ಆಮೇಲೆ ತಿಳಿಯಿತು. ಅವರು ಬಾಯಿಬಿಟ್ಟು ಹೇಳಿದ್ದು ದೊಡ್ಡ ಉಪಕಾರ. ಡಿಪ್ರೆಶನ್ ಅನ್ನುವ ಪದ ನಮ್ಮ ಹಾಸ್ಟೆಲಿನ ಊಟದ ಮನೆಗೆ ಬಂದದ್ದು ಅವರಿಂದಲೇ. ಆದರೆ ಆಗ ನಾವು ಹುಡುಗಿಯರು ಆಡಿಕೊಂಡ ಮಾತೇನು ಅಂದರೆ, "ಅವರಿಗೇನು ಬಿಡೇ, ಒಳ್ಳೇ ಡಾಕ್ಟರು, ದುಡ್ಡು, ಎಲ್ಲ ಇದೆ." ಅವರ ದಾರಿ ನಮ್ಮ ಎಂಟೂಕಾಲಿನ ಬಸ್ಸಿನ ಹತ್ತಿರಕ್ಕೂ ಬರುವುದಿಲ್ಲ ಅನ್ನಿಸಿತ್ತು.

ನನಗೆ ದಾರಿ ತೋರಿಸಿದವಳು ಆಸ್ಪತ್ರೆಯ ಬೆಂಚಿನ ಮೇಲೆ ಸಿಕ್ಕಳು. ಮೊದಲ ಮಂಗಳವಾರ. ಅವ್ವ ಚೀಟಿ ಮಾಡಿಸಲು ಸಾಲಿನಲ್ಲಿ ನಿಂತಿದ್ದಳು. ಪಕ್ಕದಲ್ಲಿ ನನಗಿಂತ ಒಂದೆರಡು ವರ್ಷ ದೊಡ್ಡವಳು, ಮಡಿಲಲ್ಲಿ ಊಟದ ಡಬ್ಬಿ. ಗಾರ್ಮೆಂಟ್ಸ್ ಕೆಲಸ ಬಿಟ್ಟು ಊರಿಗೆ ಬಂದಿದ್ದವಳು. ಒಂದು ವರ್ಷದಿಂದ ಬರುತ್ತಿದ್ದೇನೆ ಅಂದಳು. "ಫಸ್ಟ್ ಟೈಮಾ? ಮಾತ್ರೆ ಕೊಡ್ತಾರೆ. ಮೊದಲ ಹತ್ತು ಹದಿನೈದು ದಿನ ಹೊಟ್ಟೆ ತೊಳಸ್ತದೆ, ಬಿಡಬೇಡ, ಉಂಡಮೇಲೆ ತಗೋ. ನನಗೆ ಮೊದಲು ನಿದ್ದೆ ಬಂತು. ಮನಸ್ಸು ಆಮೇಲೆ ಬಂತು. ಮನಸ್ಸು ಲೇಟು." ಅಷ್ಟೇ ಹೇಳಿದ್ದು. ಅವಳ ಹೆಸರನ್ನೂ ನಾನು ಕೇಳಲಿಲ್ಲ. ಹದಿನಾಲ್ಕನೇ ದಿನ, ಏನೂ ಬದಲಾಗಲಿಲ್ಲ ಅಂತ ಮಾತ್ರೆಯ ಶೀಟನ್ನು ಎಸೆಯಲು ಎತ್ತಿದ ಕೈಯನ್ನು ಹಿಡಿದದ್ದು ಆ ಎರಡು ಪದ: ಮನಸ್ಸು ಲೇಟು.

ಅವಳು ಹೇಳಿದ್ದನ್ನೇ ವೈದ್ಯರೂ ಹೇಳುತ್ತಾರೆ. ಖಿನ್ನತೆಯ ಮಾತ್ರೆಗಳು ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಅಡ್ಡಪರಿಣಾಮ ಮಾತ್ರ ಮೊದಲ ದಿನದಿಂದಲೇ ಬರಬಹುದು. ನಡುವಿನ ಆ ವಾರಗಳಲ್ಲಿ ತೊಂದರೆ ಎಲ್ಲ ನಮ್ಮದು, ಲಾಭ ಏನೂ ಕಾಣುವುದಿಲ್ಲ. ಎಷ್ಟೋ ಜನ ಬಿಟ್ಟು ಹೋಗುವುದು ಅಲ್ಲೇ. ಡಾಕ್ಟರೂ ನನಗೆ ಇದನ್ನು ಹೇಳಿದ್ದರು, ಚೆನ್ನಾಗಿಯೇ ಹೇಳಿದ್ದರು. ಆದರೆ ಆ ಮಾತ್ರೆ ನುಂಗಿದವಳೊಬ್ಬಳು ಊಟದ ಡಬ್ಬಿ ಹಿಡಿದುಕೊಂಡು ಹೇಳಿದಾಗ ನಂಬಿಕೆ ಬಂತು.

ಎರಡು ತಿಂಗಳಿಗೆ ನಾನು ಚೆನ್ನಾದೆ. ನಗುತ್ತಿದ್ದೆ, ಹಬ್ಬಕ್ಕೆ ಹೋಳಿಗೆ ತಟ್ಟಿದೆ. ಗುಣವಾಯಿತು ಅಂತ ಮಾತ್ರೆ ನಿಲ್ಲಿಸಿದೆ. ಯಾರಿಗೂ ಹೇಳಲಿಲ್ಲ, ಮಾತ್ರೆಗಳನ್ನು ಒಂದೊಂದಾಗಿ ಬಚ್ಚಲಿಗೆ ಹಾಕುತ್ತಿದ್ದೆ. ಮೊದಲ ಸಲದ ಖಿನ್ನತೆಯಾದರೂ ಚೆನ್ನಾಗಿ ಅನ್ನಿಸಿದ ಮೇಲೆ ಇನ್ನೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸಬೇಕು, ನಿಲ್ಲಿಸುವಾಗಲೂ ಡಾಕ್ಟರ ಲೆಕ್ಕದಲ್ಲಿ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಚಳಿಗಾಲ ಬರುವಷ್ಟರಲ್ಲಿ ಮೂರು ಗಂಟೆಯ ಎಚ್ಚರ ಮತ್ತೆ ಬಂತು. ಈ ಸಲ ಮೊದಲಿಗಿಂತ ಕೆಟ್ಟದಾಗಿತ್ತು. ಯಾಕೆಂದರೆ ಮೊದಲ ಸಲ "ಇದಕ್ಕೆ ಔಷಧಿ ಇರಬಹುದು" ಅನ್ನುವ ಆಸೆ ಇತ್ತು, ಈಗ "ಔಷಧಿಯೂ ಆಯಿತು" ಅನ್ನಿಸಿತು.

ಎರಡನೇ ಸಲ ನನ್ನ ಜೊತೆ ಕೂತ ಆಪ್ತಸಮಾಲೋಚಕರು ಒಂದು ನೂರು ಪುಟದ ನೋಟ್‌ಬುಕ್ ತರಿಸಿದರು. ಪ್ರತಿದಿನ ಮೂರು ಕೆಲಸ ಬರೆಯಬೇಕು, ಮಾಡಿದರೆ ಗೆರೆ ಹೊಡೆಯಬೇಕು. ಮೊದಲ ಪುಟ ಈಗಲೂ ನನ್ನ ಹತ್ತಿರ ಇದೆ: ಸ್ನಾನ. ಜಡೆ. ಎಮ್ಮೆಗೆ ನೀರು. ಮನಸ್ಸು ಬಂದಮೇಲೆ ಕೆಲಸ ಮಾಡೋಣ ಅಂತ ಕೂತರೆ ಮನಸ್ಸು ಬರುವುದೇ ಇಲ್ಲ, ಕೈ ಆಡಿಸುತ್ತಿದ್ದರೆ ಯಾವತ್ತೋ ಒಂದು ದಿನ ಮನಸ್ಸು ಹಿಂದೆಯೇ ಬರುತ್ತದೆ ಅನ್ನುವುದು ಆ ಚಿಕಿತ್ಸೆಯ ಲೆಕ್ಕ. ಇಪ್ಪತ್ತೊಂದು ವರ್ಷದ ಹುಡುಗಿಗೆ "ಜಡೆ" ಅಂತ ಬರೆದುಕೊಂಡು ಗೆರೆ ಹೊಡೆಯುವುದು ಎಷ್ಟು ಅವಮಾನ ಅನ್ನಿಸುತ್ತದೆ ಗೊತ್ತಾ? ಆ ಅವಮಾನವನ್ನೂ ಹೇಳಬೇಕು. ಹೇಳದಿದ್ದರೆ, ನಾಳೆ ನಿಮ್ಮಲ್ಲಿ ಯಾರಿಗಾದರೂ ಹಾಗೆ ಬರೆಯುವ ಕಾಲ ಬಂದರೆ, ನಾನೊಬ್ಬಳೇ ಇಷ್ಟು ಕೆಳಗೆ ಬಿದ್ದವಳು ಅಂದುಕೊಳ್ಳುತ್ತೀರಿ.

ನಮ್ಮ ಕಡೆ ಮೆಕ್ಕೆಜೋಳ ಜಾಸ್ತಿ. ಆ ವರ್ಷ ಕಣದಲ್ಲಿ ಜೋಳ ಒಣಹಾಕಿದ್ದರು. ನಮ್ಮಪ್ಪ ಮಾತು ಕಡಿಮೆ. ನನ್ನ ಕಾಯಿಲೆ ಬಗ್ಗೆ ಒಂದು ಮಾತೂ ಆಡಿದವರಲ್ಲ. ದಿನಾ ಸಂಜೆ ಬಾಗಿಲಲ್ಲಿ ನಿಂತು "ಜೋಳ ಕಾಲಾಡಿಸಬೇಕು, ಬರ್ತೀಯೇನವ್ವ?" ಅನ್ನುತ್ತಿದ್ದರು. ಬರಲ್ಲ ಅಂದರೆ ಸುಮ್ಮನೆ ಹೋಗುತ್ತಿದ್ದರು. ಮರುದಿನ ಮತ್ತೆ ಅದೇ ಮಾತು. ಒಂಬತ್ತನೆಯದೋ ಹತ್ತನೆಯದೋ ದಿನ ಎದ್ದು ಹೋದೆ. ಬರಿಗಾಲಲ್ಲಿ ಬೆಚ್ಚಗಿನ ಜೋಳದ ಮೇಲೆ ಗೆರೆ ಎಳೆಯುತ್ತಾ ಆ ತುದಿಯಿಂದ ಈ ತುದಿಗೆ ನಡೆದೆವು. ಅವತ್ತು ನೋಟ್‌ಬುಕ್ಕಿನಲ್ಲಿ ಇಲ್ಲದ ಕೆಲಸವೊಂದನ್ನು ಬರೆದು ಅದಕ್ಕೂ ಗೆರೆ ಹೊಡೆದೆ.

ಕನ್ನಡದಲ್ಲಿ ಹೇಳುವುದು ಬೇರೆ, ಹೇಳಿಕೊಳ್ಳುವುದು ಬೇರೆ. ವಿಷಯ ಹೇಳುತ್ತೇವೆ, ದುಃಖ ಹೇಳಿಕೊಳ್ಳುತ್ತೇವೆ. ಆ "ಕೊಳ್ಳು" ಬಂದ ಕೂಡಲೇ ಕ್ರಿಯೆ ಹೇಳುವವರ ಕಡೆಗೇ ತಿರುಗುತ್ತದೆ, ಅದರ ಫಲ ಅವರಿಗೆ ಸೇರುತ್ತದೆ. ಚೇತರಿಸಿಕೊಳ್ಳುವುದರಲ್ಲೂ ಅದೇ "ಕೊಳ್ಳು" ಇದೆ. ನಮ್ಮ ಸಣ್ಣ ಗುಂಪಿನಲ್ಲಿ ನಾನು ಇದನ್ನು ಮತ್ತೆ ಮತ್ತೆ ನೆನಪಿಸುತ್ತೇನೆ. ಯಾರದೋ ಕಾರ್ಯಕ್ರಮ ತುಂಬಲಿ ಅಂತ ಹೇಳುವುದಲ್ಲ, ಕೇಳುವವರ ಕಣ್ಣಲ್ಲಿ ನೀರು ಬರಲಿ ಅಂತಲೂ ಅಲ್ಲ. ಹೇಳುವವರಿಗೆ ಹಗುರ ಆಗಬೇಕು, ಅದು ಮೊದಲು.

ಗುಂಪು ಅಂದೆನಲ್ಲ, ಅದಕ್ಕೊಂದು ಹೆಸರೂ ಇಲ್ಲ. ತಿಂಗಳಿಗೊಂದು ಭಾನುವಾರ ಐದಾರು ಜನ ಸೇರುತ್ತೇವೆ. ಎಲ್ಲರೂ ಇಪ್ಪತ್ತರಿಂದ ಮೂವತ್ತರೊಳಗಿನವರು, ಎಲ್ಲರೂ ಯಾವುದೋ ಒಂದು ಮಂಗಳವಾರ ಬಸ್ಸು ಹತ್ತಿದವರು. ಹೇಳಿಕೊಂಡದ್ದರಿಂದ ಕೇಡಾದದ್ದನ್ನೂ ಅಲ್ಲೇ ಕಂಡಿದ್ದೇನೆ. ನಮ್ಮಲ್ಲಿ ಒಬ್ಬ ಹುಡುಗ, ಆಸ್ಪತ್ರೆಯಿಂದ ಬಂದು ಎರಡು ತಿಂಗಳೂ ಆಗಿರಲಿಲ್ಲ, ಅವನನ್ನು ಒಂದು ಸಭೆಯಲ್ಲಿ ಮೈಕಿನ ಮುಂದೆ ನಿಲ್ಲಿಸಿದರು. ಜನ ಚಪ್ಪಾಳೆ ತಟ್ಟಿದರು, ಇವನು ಇನ್ನೂ ಹೇಳಿದ. ಯಾರೋ ವಿಡಿಯೊ ಮಾಡಿದರು. ಮೂರು ದಿನದಲ್ಲಿ ಅದು ಅವನ ಅಕ್ಕನ ಗಂಡನ ಮನೆಯವರ ವಾಟ್ಸಾಪ್ ಗುಂಪಿನಲ್ಲಿತ್ತು. ಅಕ್ಕ ಫೋನ್ ಮಾಡಿ ಅತ್ತಳು. ಅವನು ಮತ್ತೆ ಆರು ತಿಂಗಳು ಯಾರ ಜೊತೆಯೂ ಮಾತಾಡಲಿಲ್ಲ. ಕರೆದವರ ಉದ್ದೇಶ ಕೆಟ್ಟದಾಗಿರಲಿಲ್ಲ. ಆದರೆ "ಈಗ ಹೇಳಲು ನಿನಗೆ ಮನಸ್ಸಿದೆಯಾ, ಯಾವುದನ್ನು ಬಿಟ್ಟುಬಿಡುತ್ತೀಯ, ಹೇಳಿದ ರಾತ್ರಿ ನಿನ್ನ ಜೊತೆ ಯಾರಿರುತ್ತಾರೆ" ಅಂತ ಯಾರೂ ಕೇಳಿರಲಿಲ್ಲ. ಈಗ ನಾವು ಯಾರನ್ನಾದರೂ ಮಾತಾಡಲು ಕೇಳುವ ಮೊದಲು ಈ ಮೂರನ್ನು ಕೇಳುತ್ತೇವೆ. ಹಸಿ ಗಾಯವನ್ನು ನಾಲ್ಕು ಜನರ ಮುಂದೆ ಬಿಚ್ಚಬಾರದು. ಹೇಳದೇ ಇರುವುದಕ್ಕೂ ಅವರಿಗೆ ಪೂರ್ತಿ ಹಕ್ಕಿದೆ.

ಹಕ್ಕು ಅನ್ನುವ ಪದವನ್ನು ಸುಮ್ಮನೆ ಬಳಸುತ್ತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2018ರ ಮೇ 29ರಿಂದ ಜಾರಿಯಲ್ಲಿದೆ. ಚಿಕಿತ್ಸೆಯಲ್ಲಿರುವವರ ಫೋಟೊ, ಮಾಹಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ ಎಂದು ಅದರ 24ನೇ ಕಲಂ ಹೇಳುತ್ತದೆ. 115ನೇ ಕಲಂ ನಮ್ಮಂಥವರಿಗೆ ಇನ್ನೂ ದೊಡ್ಡದು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು, ಸರ್ಕಾರ ಅವರಿಗೆ ಆರೈಕೆ ಕೊಡಬೇಕು ಅನ್ನುತ್ತದೆ. ಅದಕ್ಕಿಂತ ಮೊದಲು, ಆತ್ಮಹತ್ಯೆಗೆ ಯತ್ನಿಸುವುದೇ ಅಪರಾಧ ಅನ್ನುತ್ತಿದ್ದ ಐಪಿಸಿಯ 309ನೇ ಕಲಂ ತೋರಿಸಿ ಹೆದರಿಸುತ್ತಿದ್ದರು. ಮನೆಯವರು ಆಸ್ಪತ್ರೆಯಲ್ಲಿ "ತಪ್ಪಿ ಆಯಿತು" ಅಂತ ಸುಳ್ಳು ಹೇಳಿ, ಮೂರು ದಿನಕ್ಕೆ ಮನೆಗೆ ಕರೆತಂದು, ಆ ಮಾತನ್ನು ಅಲ್ಲಿಗೇ ಮುಚ್ಚಿಬಿಡುತ್ತಿದ್ದರು. ನಮ್ಮಜ್ಜಿ ಒಂದು ಮಾತು ಹೇಳುತ್ತಿದ್ದಳು: ಹೇಳಿದರೆ ಮಾನ ಹೋಗುತ್ತೆ, ಹೇಳದಿದ್ದರೆ ಪ್ರಾಣ ಹೋಗುತ್ತೆ. ಬೇರೆ ಯಾವುದೋ ಕಷ್ಟಕ್ಕೆ ಹೇಳುತ್ತಿದ್ದ ಮಾತು. ನನಗೆ ಅದು ಇಲ್ಲೇ ಅರ್ಥವಾದದ್ದು. 2022ರಲ್ಲಿ ನಮ್ಮ ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು. ಅದು ಪೊಲೀಸ್ ದಾಖಲೆಗೆ ಬಂದ ಲೆಕ್ಕ.

ಹೇಳಿಕೊಳ್ಳುವಾಗ ನಾವು ಒಂದು ವಿಷಯವನ್ನು ಎಂದೂ ಹೇಳುವುದಿಲ್ಲ: ಹೇಗೆ ಸಾಯಲು ಹೊರಟಿದ್ದೆ ಅನ್ನುವುದನ್ನು. ಅದನ್ನು ಕೇಳಿದವರಲ್ಲಿ ಒಬ್ಬರು ಆಗಲೇ ಅಂಚಿನಲ್ಲಿ ನಿಂತಿರಬಹುದು. 1987ರಲ್ಲಿ ವಿಯೆನ್ನಾದ ಪತ್ರಿಕೆಗಳು ಅಲ್ಲಿನ ಸುರಂಗ ರೈಲಿನಲ್ಲಿ ಆಗುತ್ತಿದ್ದ ಇಂಥ ಸಾವುಗಳನ್ನು ಬಣ್ಣಿಸಿ ಬರೆಯುವುದನ್ನು ನಿಲ್ಲಿಸಿದ ಮೇಲೆ ಆ ಸಾವುಗಳು ಎದ್ದುಕಾಣುವಷ್ಟು ಇಳಿದವು. ಇದರ ಇನ್ನೊಂದು ಮುಖ 2010ರಲ್ಲಿ ಗೊತ್ತಾಯಿತು, ಅದೂ ಆಸ್ಟ್ರಿಯಾದಲ್ಲೇ. ಸಾಯುವ ಯೋಚನೆ ಬಂದಿದ್ದರೂ ಅದನ್ನು ದಾಟಿ ಬದುಕಿದವರ ಬಗ್ಗೆ ಪತ್ರಿಕೆಗಳು ಬರೆದಾಗ ಆತ್ಮಹತ್ಯೆಯ ಪ್ರಮಾಣ ಇಳಿಯುವುದನ್ನು ಸಂಶೋಧಕರು ಗುರುತಿಸಿದರು. ಮೊಜಾರ್ಟ್‌ನ ಸಂಗೀತ ನಾಟಕವೊಂದರಲ್ಲಿ ಸಾಯಹೊರಟು ಮೂವರು ಬಾಲಕರ ಮಾತಿನಿಂದ ಉಳಿಯುವ ಹಕ್ಕಿ ಹಿಡಿಯುವವನೊಬ್ಬ ಬರುತ್ತಾನೆ. ಆ ಪಾಪಗೇನೋ ಹೆಸರನ್ನೇ ಈ ಪರಿಣಾಮಕ್ಕೆ ಇಟ್ಟಿದ್ದಾರೆ. ದಾಟಿ ಬಂದ ಬಗೆ ಹೇಳಿದರೆ ಜೀವ ಉಳಿಯಬಹುದು. ನನ್ನನ್ನು ಈ ಮೈಕಿನ ಮುಂದೆ ನಿಲ್ಲಿಸಿದ ಧೈರ್ಯ ಅದೇ.

ನಮ್ಮ ದೇಶದಲ್ಲಿ ಇದಕ್ಕಿಂತ ಮೊದಲೇ ಒಬ್ಬರು ಇದನ್ನು ಮಾಡಿ ತೋರಿಸಿದ್ದರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರನ್ನೂ ಕರೆಸಿ, ಆಸ್ಪತ್ರೆಯ ಆವರಣದಲ್ಲೇ ಡೇರೆ ಹಾಕಿಸಿ ಇರಿಸಿಕೊಂಡರು. ಅಲ್ಲಿಯವರೆಗೆ ಬೀಗ ಹಾಕಿದ ಬಾಗಿಲ ಹಿಂದೆ ಇಡುತ್ತಿದ್ದ ಕಾಲ. ಡೇರೆಯಲ್ಲಿದ್ದ ತಾಯಂದಿರು, ಅಣ್ಣತಮ್ಮಂದಿರು ತಮ್ಮವರು ಸರಿಹೋಗುವುದನ್ನು ಕಣ್ಣಾರೆ ನೋಡಿದರು, ಪಕ್ಕದ ಡೇರೆಯವರದನ್ನೂ ನೋಡಿದರು. ನೋಡಿದ್ದನ್ನು ಊರಿಗೆ ಹೊತ್ತುಕೊಂಡು ಹೋದರು. ಇವತ್ತು ನಿಮ್ಹಾನ್ಸ್‌ನಲ್ಲಿ ರೋಗಿಯ ಜೊತೆ ಮನೆಯವರು ಉಳಿಯುತ್ತಾರಲ್ಲ, ಅದರ ಬೇರು ಅಂಥ ಕಡೆ ಇದೆ. ಇನ್ನು ನಮ್ಮ ಮಂಗಳವಾರದ ಬೇರು ಬಳ್ಳಾರಿಯಲ್ಲಿದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಬೆಂಗಳೂರಿಗೆ ಹೋಗದೆಯೇ ಚಿಕಿತ್ಸೆ ಸಿಗುವ ಹಾಗೆ ಮಾಡಿದರು. ಬಳ್ಳಾರಿ ಮಾದರಿ ಅಂತಲೇ ಹೆಸರಾಯಿತು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬೆಳೆದದ್ದು ಅದರಿಂದಲೇ. ಇಷ್ಟಿದ್ದೂ, ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಖಿನ್ನತೆ ಇದ್ದ ನೂರು ಜನರಲ್ಲಿ ಸುಮಾರು 85 ಜನಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ. ಡಾಕ್ಟರುಗಳು ಸಾಲದು, ಅದು ನಿಜ. ಜೊತೆಗೆ, ಮನಸ್ಸು ಲೇಟು ಅಂತ ಹೇಳುವವರೂ ಸಾಲದು.

ನನ್ನದು ಖಿನ್ನತೆ. ಅದನ್ನು ಈಗೀಗ ಸಭೆಯಲ್ಲಿ ಹೇಳಬಹುದು. ನಮ್ಮ ಗುಂಪಿನಲ್ಲಿ ಒಬ್ಬನಿಗೆ ಸ್ಕಿಜೋಫ್ರೇನಿಯಾ. ಅದಕ್ಕೆ ಇನ್ನೂ ಆ ಅವಕಾಶ ಸಿಕ್ಕಿಲ್ಲ, ಆ ಕಾಯಿಲೆಯ ಹೆಸರು ಕೇಳಿದರೆ ಜನ ಕುರ್ಚಿ ಹಿಂದಕ್ಕೆ ಎಳೆಯುತ್ತಾರೆ. ಅವನು ಮೊಬೈಲ್ ರಿಪೇರಿ ಮಾಡುತ್ತಾನೆ. ಯಾರೂ ಇಲ್ಲದಾಗ ದನಿಗಳು ಈಗಲೂ ಕೇಳಿಸುತ್ತವೆ, ಮೊದಲಿನಷ್ಟು ಜೋರಿಲ್ಲ ಅನ್ನುತ್ತಾನೆ. ಮಾತ್ರೆ ನಿಲ್ಲಿಸಿಲ್ಲ, ಬಹುಶಃ ನಿಲ್ಲಿಸುವುದೂ ಇಲ್ಲ. ಬೆಳಿಗ್ಗೆ ಹತ್ತಕ್ಕೆ ಅಂಗಡಿ ತೆಗೆಯುತ್ತಾನೆ, ಸೂಜಿಯಷ್ಟು ಸಣ್ಣ ಸ್ಕ್ರೂಗಳನ್ನು ಬೆಳಕಿಗೆ ಹಿಡಿದು ಜೋಡಿಸುತ್ತಾನೆ, ತಂಗಿಯ ಫೀಸು ಕಟ್ಟುತ್ತಾನೆ. "ನಾನು ಗುಣ ಆಗಿದ್ದೀನಾ ಅಕ್ಕ?" ಅಂತ ಒಮ್ಮೆ ಕೇಳಿದ. ಜ್ವರ ಬಿಟ್ಟ ಹಾಗೆ ಬಿಟ್ಟುಹೋಗುವುದಕ್ಕೆ ನಾವು ಗುಣ ಅನ್ನುತ್ತೇವೆ. ಚೇತರಿಕೆ ಅಂದರೆ ಅವನ ಅಂಗಡಿಯ ಶಟರ್ ಬೆಳಿಗ್ಗೆ ಹತ್ತಕ್ಕೆ ಮೇಲೇರುವುದು. ಅವನಿಗೆ ಹಾಗೇ ಹೇಳಿದೆ. ಇವತ್ತು ಇಲ್ಲಿಗೆ ಬರಲು ಅವನಿಗೂ ಆಸೆ ಇತ್ತು, ಕೊನೆಗೆ ಬೇಡ ಅಂದ. "ನನ್ನ ವಿಷಯ ಹೇಳು, ಹೆಸರು ಬೇಡ" ಅಂದ. ಅವನು ಒಪ್ಪಿ ಕಳಿಸಿದಷ್ಟನ್ನೇ ಹೇಳಿದ್ದೇನೆ.

ಅವ್ವನ ವಿಷಯ ಬಾಕಿ ಇದೆ. 2018ರ ಬೇಸಿಗೆ, ಅದೇ ಬಸ್‌ಸ್ಟಾಪು. ಮೂರನೇ ಮನೆಯ ಚಿಕ್ಕಮ್ಮ ಮಗನನ್ನು ನಿಲ್ಲಿಸಿಕೊಂಡಿದ್ದಳು. ಹುಡುಗ ಪಿಯುಸಿ, ತಲೆ ಎತ್ತುತ್ತಿರಲಿಲ್ಲ. "ಎಲ್ಲಿಗೆ ಅಕ್ಕಾ?" ಅಂತ ಚಿಕ್ಕಮ್ಮ ಕೇಳಿದಳು. ಅವ್ವ ಎಂದಿನಂತೆ "ಗುಡಿಗೆ" ಅಂದಳು. ಆಮೇಲೆ ಹುಡುಗನನ್ನು ಒಂದು ಗಳಿಗೆ ನೋಡಿದಳು. ಚೀಲಕ್ಕೆ ಕೈ ಹಾಕಿ ಕಾಯಿಯ ಕೆಳಗಿನ ಚೀಟಿ ತೆಗೆದು ಚಿಕ್ಕಮ್ಮನ ಕೈಗೆ ಕೊಟ್ಟು, "ಗುಡಿಗೆ ಆಮೇಲೆ ಹೋಗ್ತೀವಿ, ಮೊದಲು ಇಲ್ಲಿಗೆ" ಅಂದಳು. ಅವತ್ತು ನಾಲ್ಕೂ ಜನ ಒಟ್ಟಿಗೆ ಹೋದೆವು. ನಾನು ಇಲ್ಲಿ ಏನೇ ಮಾತಾಡಿದರೂ ಆ ಚೀಟಿ ತೆಗೆದ ಕೈಯಷ್ಟು ಧೈರ್ಯ ನನ್ನದಲ್ಲ.

ಪ್ರಶ್ನೆಗಳು ಶುರುವಾದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ಮೇಡಂ, ಊರಲ್ಲಿ ಯಾರಿಗೂ ಗೊತ್ತಾಗಬಾರದು ಅಂದ್ರೆ ಏನು ಮಾಡ್ಬೇಕು?" ಅಂದ. ಗೊತ್ತಾಗಬಾರದು ಅನ್ನಿಸುವುದು ತಪ್ಪಲ್ಲ ಅಂತ ಮೊದಲು ಹೇಳಿದೆ. 14416ಕ್ಕೆ ಫೋನ್ ಮಾಡಬಹುದು. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್ 10ರಿಂದ ಇದೆ, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ ಮಾತಾಡಬಹುದು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ನಡೆಸುವ ಯುವ ಸ್ಪಂದನ ಕೇಂದ್ರ ಜಿಲ್ಲೆಯಲ್ಲಿದೆ. ಅಲ್ಲಿ ಕೂತು ಕೇಳುವವರು ಯುವ ಪರಿವರ್ತಕರು, ತರಬೇತಿ ಪಡೆದ ನಮ್ಮ ವಯಸ್ಸಿನವರೇ.

ಆಮೇಲೆ ಎಡಗಡೆ ಕಿಟಕಿಯ ಹತ್ತಿರ ಕೂತಿದ್ದ ಹುಡುಗಿ ಕೈ ಎತ್ತಿದಳು. ನಿಲ್ಲಲಿಲ್ಲ, ಕೂತಲ್ಲಿಂದಲೇ ಕೇಳಿದಳು. "ಅಕ್ಕಾ, ನನ್ನ ರೂಮಿನವಳು ಮೂರು ದಿನದಿಂದ ಮೆಸ್ಸಿಗೆ ಬಂದಿಲ್ಲ. ಮಲಗೇ ಇರ್ತಾಳೆ. ಸತ್ತುಹೋಗ್ಬೇಕು ಅನ್ನಿಸ್ತಿದೆಯಾ ಅಂತ ಕೇಳಿದ್ರೆ ನಾನೇ ಆ ಯೋಚನೆ ತಲೆಗೆ ಹಾಕಿದಂಗೆ ಆಗಲ್ವಾ?"

ಆಗಲ್ಲ ಅಂದೆ. ಇದ್ದರೆ ಮೊದಲೇ ಇರುತ್ತದೆ, ಕೇಳಿದರೆ ಹೊರಗೆ ಬರುತ್ತದೆ. ನೇರವಾಗಿ ಕೇಳು. ಹೌದು ಅಂದರೆ ಹೆದರಬೇಡ, ಬೈಬೇಡ, ಅಪ್ಪ ಅಮ್ಮನ ನೆನಪು ಮಾಡಿಸಿ ಅಳಿಸಬೇಡ. ಒಬ್ಬಳನ್ನೇ ಬಿಡಬೇಡ. ಅವಳ ಪಕ್ಕದಲ್ಲೇ ಕೂತು 14416ಕ್ಕೆ ಮಾಡು, ವಾರ್ಡನ್ ಮೇಡಂಗೆ ಹೇಳು, ಆಸ್ಪತ್ರೆಗೆ ಜೊತೆಗೆ ಹೋಗು. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡರೂ ಈ ಒಂದು ವಿಷಯದಲ್ಲಿ ಆಣೆ ಮುರಿಯಬಹುದು.

"ಮೊದಲ ಮಾತು ಏನಂತ ಆಡ್ಲಿ?"

"ಊಟದ ತಟ್ಟೆ ರೂಮಿಗೇ ತಗೊಂಡು ಹೋಗು. ಎರಡು ತಟ್ಟೆ. ನಿಂದೂ ಅಲ್ಲೇ ಉಣ್ಣು."

ವಂದನಾರ್ಪಣೆ ಶುರುವಾಗಿತ್ತು. ಆ ಹುಡುಗಿ ಬ್ಯಾಗ್ ಹೆಗಲಿಗೆ ಹಾಕಿಕೊಂಡು, ಕುರ್ಚಿಗಳ ನಡುವೆ ಬಾಗಿ ನಡೆದು, ಬಾಗಿಲು ದಾಟಿ ಹಾಸ್ಟೆಲಿನ ಕಡೆ ಹೋದಳು.